ವಠಾರದ ನಲ್ಲಿ, ಸ್ವಂತ ಬಾವಿ

ಕನ್ನಡ ಎಂ.ಎ. ಮಾಡಿದವನಿಗೆ ಈ ಲೋಕದಲ್ಲಿ ಎಂತೆಂತಹ ಪ್ರಶ್ನೆಗಳು ಎದುರಾಗುತ್ತವೆ ಎಂಬುದನ್ನು ವಾಚಕರು ಸುಲಭವಾಗಿ ಊಹಿಸಲಾರರು. ಷಟ್ಪದಿಯ ಲಕ್ಷಣವೇನೆಂದು ಕೇಳಿದರೆ ನಿದ್ದೆಗಣ್ಣಿನಲ್ಲಿಯೂ ಹೇಳಿಯೇನು. ಆದರೆ ಹೋದ ತಿಂಗಳ ಮೊದಲ ಭಾನುವಾರ ತುಮಕೂರಿನಿಂದ ಬಂದಿಳಿದ ನನ್ನ ಅಕ್ಕ, ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ ಕೇಳಿದ ಪ್ರಶ್ನೆ ಛಂದಸ್ಸಿಗೆ ಸೇರಿದುದಾಗಿರಲಿಲ್ಲ.

"ನೋಡೋ, ಇವಳ ಲ್ಯಾಪ್‌ಟಾಪಿಗೆ ಗ್ರಾಫಿಕ್ಸ್ ಬೇರೆಯಾಗಿಯೇ ಇರಬೇಕಂತೆ. ಅಂಗಡಿಯವನು ಹಾಗೆಂದ. ಅದಿಲ್ಲದ್ದು ಐವತ್ತೆರಡು ಸಾವಿರ, ಅದಿರುವುದು ಎಂಬತ್ತು ಸಾವಿರ. ಇಪ್ಪತ್ತೆಂಟು ಸಾವಿರ ಹೆಚ್ಚಿಗೆ ಕೊಡುವಂಥದ್ದು ಅದರೊಳಗೆ ಏನಿದೆಯೋ? ನೀನು ಕಾಲೇಜಿನಲ್ಲಿ ಪಾಠ ಹೇಳುವವನಲ್ಲವೆ, ಹೇಳು."

ಅಕ್ಕನದು ಪ್ರಾಥಮಿಕ ಶಾಲೆಯ ಉಪಾಧ್ಯಾಯವೃತ್ತಿ. ಭಾವನವರು ತೀರಿಕೊಂಡು ನಾಲ್ಕು ವರ್ಷಗಳಾದುವು. ಮಗಳಿಗೆ ಆರ್ಕಿಟೆಕ್ಚರ್ ಪದವಿಗೆ ಈ ವರ್ಷ ಸೀಟು ಸಿಕ್ಕಿದೆ. ಎತ್ತಿದ ಚೀಟಿಯ ಹಣ ಎಂಬತ್ತು ಸಾವಿರ ಕೈಯಲ್ಲಿದೆ. ಹಾಸ್ಟೆಲಿನ ಎರಡನೆಯ ಕಂತು ಇನ್ನೂ ಬಾಕಿ ಇದೆ. ಹುಡುಗಿ ಬಾಗಿಲ ಬಳಿ ನಿಂತು, "ಬೇಡವೆಂದರೆ ಬೇಡ ಬಿಡಮ್ಮ" ಎಂದಳು. ಆ ದನಿಯಲ್ಲಿ "ಬೇಡ" ಎಂಬುದಕ್ಕೆ ಯಾವ ಅರ್ಥವೆಂಬುದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು.

ನಾನು ಒಂದು ವಾರದ ವಾಯಿದೆ ಬೇಡಿದೆ. ಕಾಲೇಜಿನ ಕಂಪ್ಯೂಟರ್ ವಿಭಾಗದ ಗೆಳೆಯರನ್ನು ಕಾಡಿದೆ. ರಾತ್ರಿ ಕುಳಿತು ಓದಿದೆ. ತಿಳಿದುಬಂದುದನ್ನು, ಇದೇ ಪ್ರಶ್ನೆ ನಿಮ್ಮ ಮನೆಯ ಹೊಸ್ತಿಲಿಗೂ ಬಂದೀತೆಂಬ ನಂಬಿಕೆಯಿಂದ, ಇಲ್ಲಿ ಬಿನ್ನವಿಸುತ್ತೇನೆ.

ಕಂಪ್ಯೂಟರಿನ ತೆರೆ ಎಂದರೆ ಚುಕ್ಕೆಗಳ ರಂಗೋಲಿ. ಸಾಮಾನ್ಯವಾದ ಒಂದು ತೆರೆಯಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳು. ಒಟ್ಟು ೨೦ ಲಕ್ಷಕ್ಕೂ ಮೀರಿದುವು. ಸೆಕೆಂಡಿಗೆ ೬೦ ಸಲ ಈ ರಂಗೋಲಿಯನ್ನು ಅಳಿಸಿ ಹೊಸದಾಗಿ ಇಡಬೇಕಾದರೆ, ಸುಮಾರು ೧೨ ಕೋಟಿ ೪೪ ಲಕ್ಷ ಚುಕ್ಕೆಗಳಿಗೆ ಬಣ್ಣ ಗೊತ್ತುಮಾಡಬೇಕು. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಮಹಾ ಪಂಡಿತ. ಆದರೆ ಒಬ್ಬ ಪಂಡಿತನಿಂದ ಇಷ್ಟು ದೊಡ್ಡ ಅಂಗಳಕ್ಕೆ ರಂಗೋಲಿ ಇಡಿಸುವುದಾಗದು. ಅದಕ್ಕೆ ಬೇಕಾದುದು ಒಟ್ಟೊಟ್ಟಿಗೆ ಕೈಯಾಡಿಸುವ ಸಾವಿರ ಮಂದಿ. ಆ ಸಾವಿರ ಕೈಗಳ ಚಿಪ್ಪೇ ಗ್ರಾಫಿಕ್ಸ್ ಚಿಪ್.

ಈ ಚಿಪ್ ಎರಡು ಬಗೆಯಲ್ಲಿ ಬಾಳುತ್ತದೆ. ಪ್ರತ್ಯೇಕವಾದ ಕಾರ್ಡಿನ ಮೇಲೆ, ತನ್ನದೇ ಮೆಮೊರಿಯನ್ನು ಇಟ್ಟುಕೊಂಡು ಬಾಳುವುದು ಒಂದು ಬಗೆ. ಪ್ರೊಸೆಸರಿನ ಮನೆಯಲ್ಲಿಯೇ ಒಂದು ಕೋಣೆ ಹಿಡಿದು, ಅದರ ಮೆಮೊರಿಯನ್ನೇ ಹಂಚಿಕೊಂಡು ಬಾಳುವುದು ಇನ್ನೊಂದು. ಮೊದಲನೆಯದು ಸ್ವಂತ ಬಾವಿ ಇರುವ ಮನೆ. ಎರಡನೆಯದು ವಠಾರದ ಮನೆ. ವಠಾರದಲ್ಲಿ ಬಾಡಿಗೆ ಕಡಿಮೆ. ಆದರೆ ನಲ್ಲಿ ಒಂದೇ. ಇಬ್ಬರೂ ಒಮ್ಮೆಗೇ ಕೊಡ ಹಿಡಿದು ಬಂದರೆ ಒಬ್ಬರು ಕಾಯಲೇಬೇಕು. ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂಬುದಕ್ಕಿಂತ ಕೊಳವೆ ಎಷ್ಟು ದಪ್ಪವಾಗಿದೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಯಲ್ಲಿ ಪ್ರಯೋಜನಕ್ಕೆ ಬರುತ್ತದೆ.

ಇನ್ನು ಈ ಚಿಪ್ಪುಗಳನ್ನು ಮಾಡುವವರ ಕಥೆ. ಅದು ನಮ್ಮ ಧಾರಾವಾಹಿಗಳಿಗೇನೂ ಕಡಿಮೆಯದಲ್ಲ.

೧೯೯೦ರ ದಶಕದಲ್ಲಿ ಗ್ರಾಫಿಕ್ಸ್ ಚಿಪ್ಪಿನ ಸಂತೆಯಲ್ಲಿ ಅಂಗಡಿಗಳಿಗೆ ಲೆಕ್ಕವಿರಲಿಲ್ಲ. ಎಸ್‌ತ್ರೀ, ಟ್ರೈಡೆಂಟ್, ಸಿರಸ್ ಲಾಜಿಕ್, ತ್ಸೆಂಗ್ ಲ್ಯಾಬ್ಸ್, ಮ್ಯಾಟ್ರಾಕ್ಸ್, ರೆಂಡಿಷನ್, ಕೆನಡಾ ದೇಶದ ಎ.ಟಿ.ಐ. ಹೀಗೆ ಎಷ್ಟೋ ಹೆಸರುಗಳು. ಇವರ ನಡುವೆ ೧೯೯೪ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತ್ರೀಡಿಎಫ್‌ಎಕ್ಸ್ ಎಂಬ ಸಂಸ್ಥೆ ಹುಟ್ಟಿತು. ಮೆಮೊರಿ ಚಿಪ್ಪುಗಳ ಬೆಲೆ ಇಳಿದ ಸಂದರ್ಭವನ್ನು ನೋಡಿಕೊಂಡು, ೧೯೯೬ರಲ್ಲಿ ಅದು ತಂದ 'ವೂಡೂ' ಎಂಬ ಚಿಪ್ ಆಟಗಳ ಲೋಕವನ್ನೇ ಬೆರಗುಗೊಳಿಸಿತು. ಅದು ಮೂರು ಆಯಾಮದ ಚಿತ್ರಗಳನ್ನು ಮಾತ್ರವೇ ಬರೆಯುತ್ತಿತ್ತು. ಉಳಿದ ಕೆಲಸಕ್ಕೆ ಹಳೆಯ ಕಾರ್ಡೂ ಜೊತೆಯಲ್ಲಿ ಬೇಕು. ಆದರೂ ಜನ ಮುಗಿಬಿದ್ದು ಕೊಂಡರು.

ಅದಕ್ಕೂ ಮೊದಲು, ೧೯೯೩ರಲ್ಲಿ, ಜೆನ್ಸನ್ ಹುವಾಂಗ್, ಕ್ರಿಸ್ ಮಲಕೋವ್‌ಸ್ಕಿ, ಕರ್ಟಿಸ್ ಪ್ರೀಮ್ ಎಂಬ ಮೂವರು ಎನ್‌ವಿಡಿಯಾ ಸಂಸ್ಥೆಯನ್ನು ಕಟ್ಟಿದ್ದರು. ಅದರ ಯೋಜನೆಯನ್ನು ಅವರು ಚರ್ಚಿಸಿದ್ದು ಸ್ಯಾನ್ ಹೋಸೆ ನಗರದ ಒಂದು ಉಪಾಹಾರಗೃಹದಲ್ಲಿ. ಅವರ ೧೯೯೫ರ ಮೊದಲ ಚಿಪ್ ಬಾಗಿದ ಮೇಲ್ಮೈಗಳಿಂದ ಚಿತ್ರ ಕಟ್ಟುತ್ತಿತ್ತು. ಆದರೆ ಮೈಕ್ರೋಸಾಫ್ಟ್ ಗೊತ್ತುಮಾಡಿದ ಪದ್ಧತಿ ತ್ರಿಕೋನಗಳದು. ಹಿಡಿದ ದಾರಿಯೇ ತಪ್ಪಾಯಿತು. ಆಗ ಹುವಾಂಗ್, ತಮಗೆ ಕೆಲಸ ಒಪ್ಪಿಸಿದ್ದ ಜಪಾನಿನ ಸೇಗಾ ಸಂಸ್ಥೆಯ ಮುಂದೆ ತಪ್ಪನ್ನು ಒಪ್ಪಿಕೊಂಡು, ಆದರೂ ಹಣ ಕೊಡದಿದ್ದರೆ ತಾವು ಮುಳುಗುವುದಾಗಿ ಬೇಡಿಕೊಂಡರು, ಸೇಗಾ ಕೊಟ್ಟಿತು. ಈ ಸಂಗತಿಯನ್ನು ಅವರೇ ೨೦೨೩ರಲ್ಲಿ ತೈವಾನಿನ ವಿಶ್ವವಿದ್ಯಾಲಯವೊಂದರ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳಿಗೆ ಹೇಳಿದರು. ಆ ಹಣದಿಂದ ಉಸಿರು ಹಿಡಿದ ಸಂಸ್ಥೆ ೧೯೯೭ರಲ್ಲಿ 'ರೀವಾ ೧೨೮' ಎಂಬ ಚಿಪ್ಪನ್ನು ತಂದು ಬದುಕಿಕೊಂಡಿತು.

ತ್ರೀಡಿಎಫ್‌ಎಕ್ಸ್ ಏನಾಯಿತು? ತನ್ನ ಚಿಪ್ಪನ್ನು ಕೊಂಡು ಕಾರ್ಡು ಮಾಡಿ ಮಾರುತ್ತಿದ್ದ ವರ್ತಕರನ್ನು ಬಿಟ್ಟು ತಾನೇ ಕಾರ್ಡು ಮಾಡುವ ಆಸೆಯಿಂದ ಎಸ್‌ಟಿಬಿ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಹಳೆಯ ಗಿರಾಕಿಗಳು ಎದುರಾಳಿಯ ಬಾಗಿಲಿಗೆ ಹೋದರು. ೨೦೦೦ದ ಡಿಸೆಂಬರಿನಲ್ಲಿ ಅದರ ಆಸ್ತಿಪಾಸ್ತಿಯನ್ನು ಕೊಳ್ಳುವುದಾಗಿ ಎನ್‌ವಿಡಿಯಾ ಸಾರಿತು. ಸಂತೆಯನ್ನು ಬೆರಗುಗೊಳಿಸಿದವನ ಅಂಗಡಿ ಐದು ವರ್ಷ ತುಂಬುವುದರೊಳಗೆ ಹರಾಜಾಯಿತು.

ಇವರೆಲ್ಲ ಹೀಗೆ ಹೋರಾಡುತ್ತಿರುವಾಗ, ಪ್ರೊಸೆಸರುಗಳ ಚಕ್ರವರ್ತಿಯಾದ ಇಂಟೆಲ್ ಕೂಡ ೧೯೯೮ರಲ್ಲಿ 'ಐ೭೪೦' ಎಂಬ ಗ್ರಾಫಿಕ್ಸ್ ಚಿಪ್ಪಿನೊಡನೆ ಕಣಕ್ಕಿಳಿಯಿತು. ಅದು ಚಿತ್ರದ ಸಾಮಗ್ರಿಯನ್ನು ಕಂಪ್ಯೂಟರಿನ ಮುಖ್ಯ ಮೆಮೊರಿಯಲ್ಲಿಯೇ ಇಟ್ಟು ತರುತ್ತಿದ್ದುದರಿಂದ ಓಟದಲ್ಲಿ ಹಿಂದೆ ಬಿದ್ದಿತು. ಆದರೆ ಸೋತವನ ಜಾಣತನವನ್ನು ನೋಡಿ: ಅದೇ ವಿನ್ಯಾಸವನ್ನು ಪರಿಷ್ಕರಿಸಿ, ೧೯೯೯ರಲ್ಲಿ '೮೧೦' ಎಂಬ ಚಿಪ್‌ಸೆಟ್ಟಿನೊಳಗೆ ಸೇರಿಸಿ, ಕಂಪ್ಯೂಟರಿನ ಜೊತೆಗೇ ಕೊಡತೊಡಗಿತು. ಬೇರೆ ಕಾರ್ಡು ಕೊಳ್ಳಬೇಕಾಗಿಲ್ಲವೆಂದ ಮೇಲೆ ಪತ್ರ ಬರೆಯುವ ಗುಮಾಸ್ತರೂ ಲೆಕ್ಕ ಇಡುವ ಅಂಗಡಿಯವರೂ ಅದರಲ್ಲಿಯೇ ತೃಪ್ತರಾದರು. ಅಗ್ಗದ ಕಾರ್ಡುಗಳನ್ನು ಮಾರಿ ಜೀವಿಸುತ್ತಿದ್ದ ಸಣ್ಣ ಸಂಸ್ಥೆಗಳ ಕಾಲ ಕೆಳಗಿನ ನೆಲ ಕುಸಿಯಿತು. ವೇಗದಲ್ಲಿ ಎಂದೂ ಮೊದಲಿಗನಾಗದ ಇಂಟೆಲ್, ಗ್ರಾಫಿಕ್ಸ್ ಚಿಪ್ಪುಗಳ ಎಣಿಕೆಯಲ್ಲಿ ಬಹುಕಾಲ ಮೊದಲಿಗನಾಗಿ ಮೆರೆಯಿತು.

ಇದರಲ್ಲಿ ಗೃಹಸ್ಥರು ಎಚ್ಚರದಿಂದ ಗಮನಿಸಬೇಕಾದ ಒಂದು ಪ್ರಸಂಗವುಂಟು. ೨೦೦೬ರಲ್ಲಿ ಮೈಕ್ರೋಸಾಫ್ಟ್, ಬರಲಿರುವ 'ವಿಸ್ಟಾ'ಕ್ಕೆ ತಕ್ಕುದೆಂಬ ಚೀಟಿಯನ್ನು ಹೊಸ ಕಂಪ್ಯೂಟರುಗಳಿಗೆ ಅಂಟಿಸುವ ಏರ್ಪಾಡು ಮಾಡಿತು. ಇಂಟೆಲ್ಲಿನ '೯೧೫' ಚಿಪ್‌ಸೆಟ್ ಇದ್ದ ಯಂತ್ರಗಳಿಗೂ ಆ ಚೀಟಿ ಬಿದ್ದಿತು; ಆದರೆ ವಿಸ್ಟಾದ ಮುಖ್ಯ ಆಕರ್ಷಣೆಯಾಗಿದ್ದ ಗಾಜಿನಂಥ ಕಿಟಕಿಗಳನ್ನು ತೋರಿಸುವ ಶಕ್ತಿ ಅವಕ್ಕಿರಲಿಲ್ಲ. ೨೦೦೭ರಲ್ಲಿ ಅಮೆರಿಕದಲ್ಲಿ ಕೊಂಡವರು ದಾವೆ ಹೂಡಿದರು. ೨೦೦೮ರಲ್ಲಿ ಬಯಲಾದ ಒಳಪತ್ರಗಳಲ್ಲಿ, ಇಂಟೆಲ್ಲಿಗೆ ಅನುಕೂಲವಾಗಲೆಂದು ಅರ್ಹತೆಯನ್ನು ಸಡಿಲಿಸಲಾಯಿತೆಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರೇ ಬರೆದಿದ್ದುದು ಕಂಡುಬಂತು. ಇಂಟೆಲ್ ಅದನ್ನು ಒಪ್ಪಲಿಲ್ಲ; ೨೦೦೯ರಲ್ಲಿ ಆ ದಾವೆಗಿದ್ದ ಸಾಮೂಹಿಕ ಮಾನ್ಯತೆಯೂ ರದ್ದಾಯಿತು. ನ್ಯಾಯಾಲಯದ ಮಾತು ಹಾಗಿರಲಿ. ಡಬ್ಬಿಯ ಮೇಲಿನ ಚೀಟಿ ನೋಡಿ ಉಪ್ಪಿನಕಾಯಿಯ ರುಚಿ ಹೇಳಲಾಗದೆಂಬ ಪಾಠ ನಮಗೆ ಸಾಕು.

ಮುಂದೆ ವಠಾರ ಇನ್ನಷ್ಟು ಇಕ್ಕಟ್ಟಾಯಿತು, ಇನ್ನಷ್ಟು ಹಸನೂ ಆಯಿತು. ೨೦೦೬ರಲ್ಲಿ ಎ.ಎಂ.ಡಿ. ಸಂಸ್ಥೆ ಸುಮಾರು ೫೪೦ ಕೋಟಿ ಡಾಲರುಗಳಿಗೆ ಎ.ಟಿ.ಐ.ಯನ್ನು ಕೊಂಡಿತು. ೨೦೧೧ರಲ್ಲಿ ಇಂಟೆಲ್ಲೂ ಎ.ಎಂ.ಡಿ.ಯೂ ಗ್ರಾಫಿಕ್ಸನ್ನು ಪ್ರೊಸೆಸರಿನ ಸಿಲಿಕಾನ್ ಬಿಲ್ಲೆಯ ಮೇಲೆಯೇ ಕೆತ್ತಿದುವು. ಅಲ್ಲಿಯವರೆಗೆ ಇಂಟೆಲ್ ಪ್ರೊಸೆಸರುಗಳಿಗೆ ಚಿಪ್‌ಸೆಟ್ ಮಾಡಿಕೊಡುತ್ತಿದ್ದ ಎನ್‌ವಿಡಿಯಾದ ಚಿಪ್ಪು ೨೦೦೮ರ ಆಪಲ್ ಮ್ಯಾಕ್‌ಬುಕ್ಕಿನಲ್ಲಿ ಕೂಡ ಇತ್ತು. ಹೊಸ ಪ್ರೊಸೆಸರುಗಳಿಗೆ ಆ ಪರವಾನಗಿ ಅನ್ವಯಿಸದೆಂದು ಇಂಟೆಲ್ ೨೦೦೯ರಲ್ಲಿ ವ್ಯಾಜ್ಯ ತೆಗೆಯಿತು. ೨೦೧೧ರ ಜನವರಿಯಲ್ಲಿ ರಾಜಿಯಾಗಿ, ಇಂಟೆಲ್ ೧೫೦ ಕೋಟಿ ಡಾಲರು ಕೊಡಲು ಒಪ್ಪಿತು. ಎನ್‌ವಿಡಿಯಾ ವಠಾರ ಬಿಟ್ಟು ಹೊರಟಿತು.

ಹೊರಟವನು ಹಾಳಾಗಲಿಲ್ಲ. ಸಾವಿರ ಕೈಗಳಿಗೆ ರಂಗೋಲಿಯಲ್ಲದೆ ಬೇರೆ ಗಣಿತವನ್ನೂ ಕಲಿಸಬಹುದೆಂದು ಎನ್‌ವಿಡಿಯಾ ೨೦೦೬ರಿಂದಲೇ 'ಕೂಡಾ' ಎಂಬ ವ್ಯವಸ್ಥೆಯನ್ನು ಕಟ್ಟುತ್ತಿತ್ತು. ೨೦೧೨ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಮೂವರು, ಆಟಕ್ಕೆಂದು ಮಾರುತ್ತಿದ್ದ ಎರಡೇ ಕಾರ್ಡುಗಳಿಂದ, ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯೊಂದನ್ನು ಗೆದ್ದರು. ಇಂದಿನ ಕೃತಕ ಬುದ್ಧಿಯ ಗದ್ದಲ ಅಲ್ಲಿಂದ ಜೋರಾಯಿತು. ಇತ್ತ ಇಂಟೆಲ್ ೨೦೨೨ರಲ್ಲಿ 'ಆರ್ಕ್' ಎಂಬ ಹೆಸರಿನಲ್ಲಿ ಮತ್ತೆ ಪ್ರತ್ಯೇಕ ಕಾರ್ಡು ಮಾರತೊಡಗಿತು. ಕೊನೆಗೆ ೨೦೨೫ರ ಸೆಪ್ಟೆಂಬರಿನಲ್ಲಿ ಬಂದ ಸುದ್ದಿಯನ್ನು ಕಾದಂಬರಿಕಾರನು ಬರೆದಿದ್ದರೆ ಅತಿಯಾಯಿತೆನ್ನುತ್ತಿದ್ದೆವು: ಎನ್‌ವಿಡಿಯಾ ಇಂಟೆಲ್ಲಿನಲ್ಲಿ ೫೦೦ ಕೋಟಿ ಡಾಲರು ತೊಡಗಿಸುವುದೆಂದೂ, ಎನ್‌ವಿಡಿಯಾದ ಗ್ರಾಫಿಕ್ಸನ್ನು ಕೂಡಿಸಿಕೊಂಡ ಪ್ರೊಸೆಸರುಗಳನ್ನು ಇಂಟೆಲ್ ಮಾಡುವುದೆಂದೂ ಎರಡೂ ಸಂಸ್ಥೆಗಳು ಸಾರಿದುವು. ವಠಾರ ಬಿಟ್ಟುಹೋದ ಬಾಡಿಗೆದಾರನು ಹದಿನಾಲ್ಕು ವರ್ಷಗಳ ಮೇಲೆ ಪಾಲುದಾರನಾಗಿ ಹಿಂದಿರುಗಿದಂತಾಯಿತು. ಈ ಮೂರು ಸಂಸ್ಥೆಗಳಿಗೂ ನಮ್ಮ ಬೆಂಗಳೂರಿನಲ್ಲಿ ಎಂಜಿನಿಯರುಗಳ ದೊಡ್ಡ ಕಚೇರಿಗಳಿವೆ. ಈ ಕಥೆ ನಮಗೆ ಪೂರ್ತಿ ಪರದೇಶದ್ದೂ ಅಲ್ಲ.

ವಠಾರವೆಂದರೆ ಬಡತನವೇ ಎಂದು ಮಾತ್ರ ತಿಳಿಯಬಾರದು. ೨೦೧೩ರಲ್ಲಿ ಬಂದ ಪ್ಲೇಸ್ಟೇಷನ್ ೪, ಎಕ್ಸ್‌ಬಾಕ್ಸ್ ಒನ್ ಎಂಬ ಎರಡು ಆಟದ ಯಂತ್ರಗಳಲ್ಲಿಯೂ ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಚಿಪ್ಪಿನಲ್ಲಿದ್ದುವು. ೨೦೨೦ರ ಆಪಲ್ 'ಎಂ೧' ಚಿಪ್ಪಿನಲ್ಲಿಯೂ ಹಾಗೆಯೇ. ಅಲ್ಲೆಲ್ಲ ಗುಟ್ಟು ಒಂದೇ: ನಲ್ಲಿ ಹಂಚಿಕೊಂಡರೂ ಕೊಳವೆಯನ್ನು ದಪ್ಪ ಮಾಡಿದರು.

ಹೇಳಿದ ದಿನ ಅಕ್ಕ ಮಗಳೊಡನೆ ಮತ್ತೆ ಬಂದಳು. ನಾನು ಕಥೆಯನ್ನೆಲ್ಲ ಹೇಳಿ, ಹುಡುಗಿಯನ್ನು ಕೇಳಿದೆ: "ಇದರಲ್ಲಿ ನೀನು ಮಾಡುವ ಕೆಲಸವೇನಮ್ಮ?"

"ಮೊದಲ ವರ್ಷ ಹೆಚ್ಚಾಗಿ ಕೈಯಲ್ಲೇ ನಕ್ಷೆ ಬರೆಯಬೇಕು ಮಾವ. ಕಂಪ್ಯೂಟರಿನಲ್ಲಿ ಕಟ್ಟಡದ ರೂಪ ಬಿಡಿಸುವುದು ಆಮೇಲೆ. ಬೆಳಕು ನೆರಳು ಹಾಕಿ ನಿಜದಂತೆ ತೋರಿಸುವ ಭಾರಿ ಕೆಲಸ ಮೂರನೆಯ ವರ್ಷಕ್ಕಂತೆ. ಅದಕ್ಕೆ ಕಾಲೇಜಿನ ಲ್ಯಾಬೂ ಇದೆ."

"ಹಾಗಾದರೆ ಈಗಲೇ ಏಕೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ರೂಮಿನಲ್ಲಿ ಉಳಿದ ಇಬ್ಬರದೂ ಅಂಥದ್ದೇ" ಎಂದಳು. ಅಕ್ಕ ಮಗಳ ಮುಖವನ್ನೇ ನೋಡಿದಳು, ಗದರಲಿಲ್ಲ.

ನಾನು ಎರಡು ಪಕ್ಷವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಲ್ಯಾಪ್‌ಟಾಪಿನೊಳಕ್ಕೆ ಗ್ರಾಫಿಕ್ಸ್ ಚಿಪ್ಪನ್ನು ಆಮೇಲೆ ಸೇರಿಸಲಾಗದು. ಮೂರನೆಯ ವರ್ಷಕ್ಕೆ ಕೊರತೆ ಕಂಡರೂ ಕಾಣಬಹುದು. ಆದರೆ ಈ ಪೈಪೋಟಿ ನಡೆದಿರುವವರೆಗೆ ಒಳಗಿನ ಚಿಪ್ಪುಗಳೂ ವರ್ಷ ವರ್ಷಕ್ಕೆ ಬಲಿಯುತ್ತವೆ. ಇಂದು ಉಳಿದ ಹಣ ಅಂದಿನ ಅಗತ್ಯಕ್ಕೆ ಒದಗುತ್ತದೆ. ಕೊಳ್ಳುವಾಗ ನೋಡಬೇಕಾದುದು ಒಂದು: ರ‍್ಯಾಮಿಗೆ ಎರಡು ಜಾಗಗಳಿರುವ ಯಂತ್ರವೇ ಬೇಕು, ಒಂದೇ ದೊಡ್ಡ ತುಂಡಿಗೆ ಬದಲು ಎರಡು ತುಂಡು ಹಾಕಿಸಬೇಕು. ಆಗ ವಠಾರಕ್ಕೆ ಎರಡು ನಲ್ಲಿಗಳಾದಂತೆ. ಇದೇ ವರ್ಷ ಮಗ ಚಲನಚಿತ್ರದ ಅನಿಮೇಷನ್ ಕಲಿಯಲು ಹೊರಟಿದ್ದರೆ, ಅಂಥ ಮನೆಯವರಿಗೆ ನಾನು ಸ್ವಂತ ಬಾವಿಯನ್ನೇ ಹೇಳುತ್ತಿದ್ದೆ. ಕೆಲಸ ನೋಡಿ ಚಿಪ್ಪು ಕೊಳ್ಳಬೇಕೇ ಹೊರತು ನೆರೆಮನೆ ನೋಡಿ ಅಲ್ಲ.

"ನಾವಿಬ್ಬರೂ ವಠಾರದ ನಲ್ಲಿಯ ನೀರು ಕುಡಿದೇ ಬೆಳೆದೆವಲ್ಲೋ" ಎಂದಳು ಅಕ್ಕ. "ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೊದಲ ಕೊಡ ಇಟ್ಟು ಬರುತ್ತಿದ್ದವಳು ನಾನೇ. ಬುದ್ಧಿಗೇನೂ ಕಡಿಮೆಯಾಗಲಿಲ್ಲ."

ಹುಡುಗಿ ನಕ್ಕಳು. ಆ ಸಂಜೆ ಮೂವರೂ ಅಂಗಡಿಗೆ ಹೋದೆವು. ಎರಡು ಜಾಗಗಳಿದ್ದ ಯಂತ್ರ ಸಿಕ್ಕಿತು. ಎರಡನೆಯ ರ‍್ಯಾಮನ್ನು ಹಾಕಿಸಿದ ಮೇಲೂ ಹಾಸ್ಟೆಲಿನ ಕಂತಿಗೆ ಹಣ ಉಳಿಯಿತು. ಮೊನ್ನೆ ಅವಳು ತನ್ನ ಮೊದಲ ನಕ್ಷೆಯ ಚಿತ್ರವನ್ನು ಕಳುಹಿಸಿದ್ದಾಳೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದುದು. ನಡುವಂಗಳವಿರುವ, ಸಾಲು ಮನೆಗಳ ಒಂದು ಹಳೆಯ ವಠಾರ. ಅಂಗಳದ ಮೂಲೆಯಲ್ಲಿ ನಲ್ಲಿ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಇತ್ತು. ಒಂದಲ್ಲ, ಎರಡು.