ಬ್ಯಾನಿ ನೋಡದೆ ಗುಳಿಗಿ ಬ್ಯಾಡ

‘ಅಳಿಯಾ, ನೀ ಇಂಜಿನಿಯರ್ ಆಗಾಂವ್. ನಮ್ ಗಾಡಿಗಿ ಒಂದ್ ಚೊಲೋ ಸ್ಟೀರಿಂಗ್ ಸ್ಟೆಬಿಲೈಜರ್ ನೋಡಿ ತಗೊಂಡ್ ಬಾ.’

ಕಮಲಾಪುರದಿಂದ ಸೋದರಮಾವನ ಫೋನ್ ಬಂದಾಗ ನಾನು ಕಲಬುರಗಿಯ ರೂಮಿನಲ್ಲಿ ಇಂಟರ್ನಲ್ಸ್‌ಗೆ ಓದುತ್ತಿದ್ದೆ. ಮೆಕ್ಯಾನಿಕಲ್ ಮೂರನೇ ವರ್ಷ. ಅಂತೂ ಮನೆಯವರು ನನ್ನ ಓದಿಗೆ ತಕ್ಕ ಕೆಲಸ ಕೊಟ್ಟರು ಎಂದು ಹಿಗ್ಗಿದೆ.

ಮಾವನದು ಹಳೆಯ ಪಿಕಪ್. ಮುಂದೆಯೂ ಕಮಾನುಪಟ್ಟಿ, ಎರಡೂ ಚಕ್ರಕ್ಕೆ ಒಂದೇ ಇಡೀ ಆಕ್ಸಲ್. ಜಿಐ ಮಾನ್ಯತೆ ಪಡೆದ ನಮ್ಮ ಕಮಲಾಪುರದ ಕೆಂಪು ಬಾಳೆಗೊನೆಗಳನ್ನು ಹೊಲದಿಂದ ಕಲಬುರಗಿಗೆ ಸಾಗಿಸುವುದು ಅವರ ಕಸುಬು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ತಳ ತಾಗುತ್ತದೆಂದು ಕಳೆದ ವರ್ಷ ಗಾಡಿಯನ್ನು ಮೂರು ಇಂಚು ಎತ್ತರಿಸಿ, ದೊಡ್ಡ ಟೈರು ಹಾಕಿಸಿದ್ದರು. ಅಲ್ಲಿಂದ ಶುರುವಾಯಿತು. ಹೆದ್ದಾರಿಯಲ್ಲಿ ವೇಗ ಅರವತ್ತು ದಾಟಿ, ಚಕ್ರ ಒಂದು ಗುಂಡಿಗೆ ಬಿದ್ದರೆ ಸಾಕು, ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಒಮ್ಮೆ ಪಕ್ಕದಲ್ಲಿ ಕೂತಿದ್ದ ಅತ್ತೆ, ಇಳಿದವರು ಮತ್ತೆ ಆ ಗಾಡಿ ಹತ್ತಲೇ ಇಲ್ಲ.

ಸ್ಟೆಬಿಲೈಜರ್ ಎಂದರೆ ಅಡ್ಡಲಾಗಿ ಮಲಗಿಸಿದ ಶಾಕ್ ಅಬ್ಸಾರ್ಬರ್. ಒಂದು ತುದಿ ಆಕ್ಸಲ್‌ಗೋ ಚಾಸಿಗೋ, ಇನ್ನೊಂದು ಸ್ಟೀರಿಂಗ್ ರಾಡಿಗೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾಯಬೇಕಾದ್ದರಿಂದ ದಿಢೀರ್ ಎಳೆತಕ್ಕೆ ತಡೆ ಒಡ್ಡುತ್ತದೆ. ಅಂಗಡಿಯಲ್ಲಿ ಎಣ್ಣೆಯದು, ಗ್ಯಾಸಿನದು, ಜೋಡಿಯಾಗಿ ಹಾಕುವುದು ಎಲ್ಲವೂ ಇದ್ದವು. ದುಬಾರಿಯದ್ದೇ ಒಳ್ಳೆಯದೆಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ.

ತಡೆದದ್ದು ನಮ್ಮ ರೂಮಿನ ಹತ್ತಿರದ ಗ್ಯಾರೇಜಿನ ಚಾಚಾ. ‘ಬ್ಯಾನಿ ಎಲ್ಲದ ಅಂತ ನೋಡ್ದೆ ಗುಳಿಗಿ ನುಂಗಸ್ತಿಯೇನಪಾ?’ ಅಂದರು.

ಮರುದಿನ ಮಾವ ಗಾಡಿ ತಂದರು. ಚಾಚಾ ಅವರಿಗೆ ಇಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ತುಸು ಎಡಕ್ಕೆ, ತುಸು ಬಲಕ್ಕೆ ಆಡಿಸಲು ಹೇಳಿ, ನನ್ನನ್ನು ಬಗ್ಗಿ ನೋಡೆಂದರು. ಟೈ ರಾಡಿನ ಒಂದು ತುದಿ ಸವೆದು ಲೊಡಲೊಡ ಎನ್ನುತ್ತಿತ್ತು. ಟೈರುಗಳ ಬ್ಯಾಲೆನ್ಸಿಂಗ್ ಆಗಿರಲಿಲ್ಲ. ಎತ್ತರಿಸುವಾಗ ಕ್ಯಾಸ್ಟರ್ ಕೋನವೂ ಕೆಟ್ಟಿತ್ತು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದೇ ಕ್ಯಾಸ್ಟರ್. ಚಕ್ರ ತಾನಾಗಿಯೇ ನೆಟ್ಟಗಾಗಲು ಅದು ನೆರವಾಗುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಚಿತ್ರ ಬರೆದು ಪೂರ್ತಿ ಅಂಕ ಪಡೆದವನು ನಾನೇ. ಗಾಡಿಯ ಕೆಳಗೆ ಮಾತ್ರ ಗುರುತಿಸಲಾಗಲಿಲ್ಲ.

ಮೂರನ್ನೂ ಸರಿಪಡಿಸಿದ ಮೇಲೆ ನಡುಕ ನಿಂತಿತು. ಹಾಗೆಂದು ಸ್ಟೆಬಿಲೈಜರ್ ದಂಡವಲ್ಲ. ದೊಡ್ಡ, ಭಾರದ ಟೈರಿನ ಗಾಡಿಗೆ, ಕೆಟ್ಟ ರಸ್ತೆಗೆ ಅದು ಕೈಯ ದಣಿವು ತಗ್ಗಿಸುತ್ತದೆ. ಕೊಳ್ಳುವಾಗ ಉದ್ದ ನೋಡಬೇಕು: ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗಲೂ ಅದರ ರಾಡ್ ಕೊನೆ ಮುಟ್ಟಬಾರದು. ಗ್ಯಾಸಿನದು ಹೊರಕ್ಕೆ ತಳ್ಳುವುದರಿಂದ ಗಾಡಿ ಒಂದು ಬದಿಗೆ ಎಳೆಯಬಹುದು. ತೀರಾ ಬಿಗಿಯಾದದ್ದು ಹಾಕಿದರೆ ತಿರುವಿನ ನಂತರ ಸ್ಟೀರಿಂಗ್ ನಡುವಿಗೆ ಬರಲು ತಡವರಿಸುತ್ತದೆ. ನಾವು ಕೊನೆಗೆ ತಂದದ್ದು ಸಾದಾ ಎಣ್ಣೆಯದು, ಒಂದೇ ಒಂದು.

ಮೊದಲೇ ಅದನ್ನು ಜಡಿದಿದ್ದರೆ? ನಡುಕ ಕೆಲ ತಿಂಗಳು ಅಡಗುತ್ತಿತ್ತು, ಸವೆತ ಬೆಳೆಯುತ್ತಿತ್ತು. ಗೊನೆ ತುಂಬಿದ ಗಾಡಿಯ ಟೈ ರಾಡ್ ಹೆದ್ದಾರಿಯಲ್ಲಿ ಕಳಚಿದರೆ ಏನಾದೀತೆಂದು ನೆನೆಸಿಕೊಳ್ಳಲೂ ಭಯ. ಗಾಡಿ ಎತ್ತರಿಸುವ ಮುನ್ನ 1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ಅನ್ನೂ ಓದಬೇಕು. ತಯಾರಕರು ಕೊಟ್ಟ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಅದು ಬಿಡುವುದಿಲ್ಲ. ಎತ್ತರಿಸಿದ ಗಾಡಿಯ ರೀಲ್ಸ್ ನೋಡಿ ಲೈಕ್ ಒತ್ತುವ ನಮ್ಮ ವಯಸ್ಸಿನವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಪ್ಲೇಸ್‌ಮೆಂಟ್ ಹತ್ತಿರ ಬರುತ್ತಿದೆ. ಬೇಸಿಕ್ಸ್ ಅಲುಗಾಡುತ್ತಿದ್ದರೂ ಹದಿನೈದು ದಿನದ ಸರ್ಟಿಫಿಕೇಟ್ ಕೋರ್ಸ್ ಸೇರಿ ರೆಸ್ಯೂಮೆ ನೆಟ್ಟಗೆ ಕಾಣಿಸುವ ತಯಾರಿಯಲ್ಲಿದ್ದೇವೆ. ನಾನೂ ಒಂದಕ್ಕೆ ದುಡ್ಡು ಕಟ್ಟುವವನಿದ್ದೆ. ಸದ್ಯಕ್ಕೆ ಅದನ್ನು ಬದಿಗಿಟ್ಟು, ಭಾನುವಾರ ಚಾಚಾನ ಗ್ಯಾರೇಜಿಗೆ ಹೋಗುತ್ತಿದ್ದೇನೆ. ಅತ್ತೆ ಈಗ ಗಾಡಿಯಲ್ಲಿ ಮುಂದೆಯೇ ಕೂಡುತ್ತಾರೆ.