ಗಾಲಿಯ ಮನೆಗೊಂದು ಆಂಟೆನಾ

ಮನೆಯನ್ನೇ ಗಾಲಿಗಳ ಮೇಲೆ ಕೂರಿಸಿಕೊಂಡು ದೇಶ ಸುತ್ತುವ ರೂಢಿ ಅಮೆರಿಕದಲ್ಲಿ ಹಬ್ಬಿದೆ. ಅಡುಗೆಯ ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಬಸ್ಸಿನಂಥ ಈ ವಾಹನವನ್ನು ಮೋಟಾರ್ ಹೋಮ್ ಎನ್ನುವರು. ಮಕ್ಕಳು ಅಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ವಾಚಕ ಬಳಗದಲ್ಲಿಯೂ ಇರುವುದರಿಂದ ಈ ವಿಷಯ ತೀರ ದೂರದ್ದೆನಿಸಲಾರದು. ಇದರ ನೆತ್ತಿಗೆ ಉಪಗ್ರಹ ಟಿ.ವಿ.ಯ ಆಂಟೆನಾವನ್ನು ತಾವೇ ಜೋಡಿಸಿಕೊಳ್ಳುವವರಿದ್ದಾರೆ. ಕೂಲಿ ದುಬಾರಿಯಾದ ನಾಡಿನಲ್ಲಿ ಅದು ಸಹಜವೇ. ಹೊಸಬರಿಗೆ ಆಕಾಶದ ಲೆಕ್ಕವೇ ಕಠಿಣವೆನಿಸುವುದುಂಟು. ನಿಜವಾಗಿ ಅಂಜಬೇಕಾದುದು ಛಾವಣಿಗೆ ಕೊರೆಯುವ ರಂಧ್ರಕ್ಕೆ ಎಂಬುದು ನಮ್ಮ ಅಭಿಪ್ರಾಯ.

ಆಕಾಶದ ಲೆಕ್ಕ ಸರಳ. ಪ್ರಸಾರದ ಉಪಗ್ರಹವು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ಭೂಮಿ ಒಮ್ಮೆ ತಿರುಗುವಷ್ಟರಲ್ಲಿ ತಾನೂ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಆದ್ದರಿಂದ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಿದೆ. ಡೈರೆಕ್ ಟಿವಿ ಸಂಸ್ಥೆ 1994ರಲ್ಲಿ ಸೇವೆ ಆರಂಭಿಸಿದ್ದು ಪಶ್ಚಿಮ ರೇಖಾಂಶ 101 ಡಿಗ್ರಿಯ ನೆಲೆಯಿಂದ. ಆ ನೆಲೆಯನ್ನು ನೋಡಲು ಡಲ್ಲಾಸ್‌ನಲ್ಲಿ ದಿಗಂತದಿಂದ ಸುಮಾರು 52 ಡಿಗ್ರಿ ಮೇಲಕ್ಕೆ ಮುಖ ಎತ್ತಬೇಕು. ಉತ್ತರದ ಸಿಯಾಟಲ್‌ನಲ್ಲಿ ಸುಮಾರು 31 ಡಿಗ್ರಿ ಸಾಕು. ದಿಕ್ಸೂಚಿಯನ್ನು ನಂಬುವವರು ಇನ್ನೊಂದನ್ನು ಗಮನಿಸತಕ್ಕದ್ದು: ಸಿಯಾಟಲ್‌ನಲ್ಲಿ ಅದರ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ. ಊರ ಮನೆಯ ಆಂಟೆನಾವನ್ನು ಒಮ್ಮೆ ತಿರುಗಿಸಿ ಬಿಗಿದರೆ ಮುಗಿಯಿತು. ಗಾಲಿಯ ಮನೆಯಲ್ಲಿ ತಂಗಿದೆಡೆಯಲ್ಲೆಲ್ಲ ಹೊಸದಾಗಿ ಹುಡುಕಬೇಕು. ತಾನೇ ಹುಡುಕಿಕೊಳ್ಳುವ ಗುಮ್ಮಟದಾಕಾರದ ಆಂಟೆನಾಗಳೂ ದೊರೆಯುತ್ತವೆ. ಆದರೆ ದಕ್ಷಿಣಕ್ಕೆ ಮರವೊಂದು ಅಡ್ಡ ನಿಂತರೆ ಯಾವ ಯಂತ್ರವೂ ಏನೂ ಮಾಡಲಾರದು.

ಹಿರಿಯ ವಾಚಕರಿಗೆ ನೆನಪಿರಬಹುದು: 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ್ದೇ ಆದ ಎಟಿಎಸ್-6 ಉಪಗ್ರಹ ನಮ್ಮ ದೇಶದ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸಿತು, ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದವು. ಅಂದಿನ ತಂತಿಬಲೆಯ ತಟ್ಟೆಯ ಅಗಲ ಸುಮಾರು 3 ಮೀಟರ್. ಬಳಸುವ ತರಂಗ ಕಿರಿದಾಗಿ, ಉಪಗ್ರಹದ ಶಕ್ತಿ ಹಿರಿದಾಗಿ, ಇಂದು ಅರ್ಧ ಮೀಟರಿನ ತಟ್ಟೆಯೇ ವಾಹನದ ಮೇಲೇರಿದೆ.

ಇನ್ನು ಛಾವಣಿ. ಅದು ನಮ್ಮ ಆರ್‌ಸಿಸಿ ಮಾಳಿಗೆಯಂತಲ್ಲ. ತೆಳುವಾದ ಅಡ್ಡತೊಲೆಗಳು, ಅವುಗಳ ಮೇಲೆ ಪ್ಲೈವುಡ್, ಅದರ ಮೇಲೆ ಅನೇಕ ವಾಹನಗಳಲ್ಲಿ ರಬ್ಬರ್ ಹಾಳೆ, ಇಷ್ಟೇ. ಸ್ಕ್ರೂವಿನ ಬುಡದಲ್ಲಿ ಹನಿ ನೀರು ಇಳಿದರೆ ತಿಂಗಳುಗಟ್ಟಲೆ ಸುಳಿವು ಸಿಗದು. ಒಳಮಾಡಿನಲ್ಲಿ ಕಲೆ ಕಾಣುವ ವೇಳೆಗೆ ಮರ ಕೊಳೆತಿರುತ್ತದೆ. ಆದ್ದರಿಂದ ಕೊರೆಯುವ ಮುನ್ನ ಆಂಟೆನಾವನ್ನು ಬರಿದೆ ಛಾವಣಿಯ ಮೇಲಿಟ್ಟು ನೋಡತಕ್ಕದ್ದು. ಏರ್ ಕಂಡಿಷನರಿನ ಪೆಟ್ಟಿಗೆ ಅದರ ನೋಟಕ್ಕೆ ಅಡ್ಡವಾಗುವುದೇ? ಎತ್ತಿ ತಿರುಗಿಸಲು ಎಡೆಯುಂಟೇ? ಕೊರೆಯುವಲ್ಲಿ ಕೆಳಗೆ ವಿದ್ಯುತ್ ತಂತಿ ಹಾದಿದೆಯೇ? ಸ್ಕ್ರೂ ತೊಲೆಗೇ ಹಿಡಿಯಬೇಕು. ಬರಿಯ ಪ್ಲೈವುಡ್ ಹಿಡಿದದ್ದು ಹೆದ್ದಾರಿಯ ಗಾಳಿಗೆ ಸಡಿಲಾಗುತ್ತದೆ. ರಬ್ಬರನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಬೇಕೇ ಹೊರತು ಪೆಟ್ರೋಲ್ ಬೆರೆತ ದ್ರಾವಕ ತಾಗಿಸಕೂಡದು, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಪೀಠದ ಅಡಿಗೆ ಬ್ಯುಟೈಲ್ ಪಟ್ಟಿ, ಪ್ರತಿಯೊಂದು ಸ್ಕ್ರೂವಿನ ತಲೆಗೂ ಪೀಠದ ಅಂಚಿಗೂ ಅದೇ ಛಾವಣಿಗೆಂದು ಮಾಡಿದ ಸೀಲಂಟ್. ಅಂಗಡಿಯ ಸಾಮಾನ್ಯ ಸಿಲಿಕೋನ್ ಅಗ್ಗವೆಂದು ಕೊಳ್ಳುವವರುಂಟು. ರಬ್ಬರಿಗೆ ಅದು ಸರಿಯಾಗಿ ಅಂಟುವುದಿಲ್ಲ. ಕೇಬಲ್ ಒಳಹೊಗುವ ರಂಧ್ರಕ್ಕೆ ಮುಚ್ಚಳವಿರಬೇಕು, ಕೇಬಲ್ ಅಲ್ಲಿ ತುಸು ಕೆಳಬಾಗಿ ಹೊಕ್ಕರೆ ನೀರು ಹೊರಗೇ ತೊಟ್ಟಿಕ್ಕುತ್ತದೆ.

ಏಣಿಯನ್ನು ಹಿಡಿಯಲು ಒಬ್ಬರಿಲ್ಲದೆ ಹತ್ತಬಾರದು, ತೊಯ್ದ ಛಾವಣಿಯ ಮೇಲಂತೂ ಕಾಲಿಡಲೇಬಾರದು. ಮೇಲೆ ಹಾದುಹೋದ ವಿದ್ಯುತ್ ತಂತಿಯ ಕೆಳಗೆ ಈ ಕೆಲಸವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಒಲವು ಮುಕ್ಕಾಲಿಯ ಕಡೆಗೆ. ಒಂದೆಡೆ ವಾರಗಟ್ಟಲೆ ತಂಗುವವರು ತಟ್ಟೆಯನ್ನು ನೆಲದ ಮೇಲೆ ಮುಕ್ಕಾಲಿಗೆ ಬಿಗಿದು ಕೇಬಲ್ ಎಳೆದುಕೊಂಡರೆ ಸಾಕು: ವಾಹನ ಮರದ ನೆರಳಿನಲ್ಲಿ, ತಟ್ಟೆ ಬಯಲಿನಲ್ಲಿ, ಛಾವಣಿ ಅಖಂಡ. ದಿನಕ್ಕೊಂದು ಊರು ಬದಲಿಸುವವರಿಗೆ ಮಾತ್ರ ಛಾವಣಿಯ ಜೋಡಣೆ ಅನುಕೂಲ. ಅಂಥವರು, ಎತ್ತಿ ನಿಲ್ಲಿಸುವ ತಟ್ಟೆಯಾದರೆ, ಅದನ್ನು ಮಡಚಿದ ಮೇಲೆಯೇ ಹೊರಡುವಂತೆ ಸ್ಟಿಯರಿಂಗಿಗೊಂದು ಚೀಟಿ ಕಟ್ಟಿಡುವುದೊಳಿತು. ಮೊದಲ ಮಳೆ ನಿಂತ ಬಳಿಕ ಕೇಬಲ್ ಇಳಿದೆಡೆಯ ಒಳಮಾಡನ್ನು ಅಂಗೈಯಿಂದ ಒತ್ತಿ ನೋಡಬೇಕು. ತೇವವಿದ್ದರೆ ಅಂದೇ ಸೀಲಂಟ್ ಕಿತ್ತು ಹೊಸದಾಗಿ ಹಚ್ಚತಕ್ಕದ್ದು.