ವಾಲ್ವ್ ಮತ್ತೆ ತೆರೆದ ಮೇಲೆಯೇ ರಿಪೇರಿ ಮುಗಿಯುವುದು



ಕುಕ್ಕರಿನ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಏಕಿದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವಿಷಲ್‌ನ ದಾರಿ ಕಟ್ಟಿಕೊಂಡರೆ ಅದು ಹಬೆಯನ್ನು ಹೊರಗೆ ಬಿಟ್ಟು ಕುಕ್ಕರ್ ಸಿಡಿಯದಂತೆ ಕಾಯುತ್ತದೆ. ದೊಡ್ಡ ಡೇರಿಗಳಲ್ಲಿ ಹಾಲು ತಂಪು ಮಾಡಲು ಬಳಸುವ ಅಮೋನಿಯಾ ಯಂತ್ರಗಳಿಗೂ ಇಂಥದೇ ವಾಲ್ವ್‌ಗಳಿರುತ್ತವೆ. ಅವನ್ನು ಆಗಾಗ ಪರೀಕ್ಷಿಸಬೇಕು, ಕೆಟ್ಟರೆ ಬದಲಿಸಬೇಕು. ಆಗ ಅದರ ಕೆಳಗಿನ ಇನ್ನೊಂದು ವಾಲ್ವ್ ಮುಚ್ಚಿ, ಅನಿಲ ಬರದಂತೆ ತಡೆಯುವುದುಂಟು. ಕೆಲಸ ಮುಗಿದ ಮೇಲೆ ಅದನ್ನು ತೆರೆಯಲು ಮರೆತರೆ, ಹೊಸ ಸೇಫ್ಟಿ ವಾಲ್ವ್ ಇದ್ದೂ ಇಲ್ಲದಂತೆ.

ಅಮೆರಿಕದ ಹ್ಯೂಸ್ಟನ್‌ನ ಗುಡ್‌ಇಯರ್ ಕಾರ್ಖಾನೆಯಲ್ಲಿ ಆದದ್ದು ಇದೇ. 2008ರ ಜೂನ್ 10ರಂದು, ಅಮೋನಿಯಾದಿಂದ ತಂಪು ಮಾಡುವ ಯಂತ್ರವೊಂದರ ಸೇಫ್ಟಿ ವಾಲ್ವ್ ಕೆಳಗಿನ ಒಡೆದ ಬಿಲ್ಲೆಯನ್ನು ಬದಲಿಸಲು ದಾರಿ ಮುಚ್ಚಿದರು. ಬಿಲ್ಲೆ ಬದಲಾಯಿತು, ದಾರಿ ಮಾತ್ರ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಒತ್ತಡ ನಿಯಂತ್ರಿಸುವ ಇನ್ನೊಂದು ದಾರಿಯನ್ನೂ ಮುಚ್ಚಿ, ಕೊಳವೆ ತೊಳೆಯಲು ಹಬೆ ಬಿಟ್ಟರು. ಒಳಗೆ ಉಳಿದಿದ್ದ ಅಮೋನಿಯಾ ಕಾದು ಯಂತ್ರ ಸಿಡಿಯಿತು. ಒಬ್ಬ ಮಹಿಳಾ ಉದ್ಯೋಗಿ ಸತ್ತರು. ಎಲ್ಲರೂ ಸುರಕ್ಷಿತ ಎಂದು ಲೆಕ್ಕ ಹಾಕಿದ್ದರು. ಅವರ ದೇಹ ಸಿಕ್ಕಿದ್ದು ಗಂಟೆಗಳ ನಂತರ.

"ಇದು ಇಂಜಿನಿಯರುಗಳ ಕೆಲಸ, ಹಸು ಸಾಕುವ ನಮಗೇಕೆ?" ಎಂದು ನೀವು ಕೇಳಬಹುದು. ವಾಲ್ವ್ ಮುಟ್ಟುವುದು ನಮ್ಮ ಕೆಲಸವಲ್ಲ, ನಿಜ. ಆದರೆ ಡೇರಿಯಲ್ಲಿ ಅವಸರ ಹುಟ್ಟುವುದು ನಮ್ಮ ಹಾಲಿನಿಂದಲೇ. ಟ್ಯಾಂಕರ್ ಬಂದು ನಿಂತಿರುತ್ತದೆ, ಹಾಲು ಒಡೆದರೆ ನಷ್ಟ ನಮಗೇ. "ಬೇಗ ಚಾಲೂ ಮಾಡಿ" ಎಂಬ ಒತ್ತಡದಲ್ಲಿ ಕೊನೆಯ ತಪಾಸಣೆ ತಪ್ಪಿಹೋಗುವುದು ಸುಲಭ. ಅಲ್ಲಿ ಯಂತ್ರದ ಪಕ್ಕ ನಿಲ್ಲುವವರೂ ನಮ್ಮಂಥ ಮನೆಗಳ ಮಕ್ಕಳೇ. ಹಾಲು ಹೋದರೆ ನಾಳೆ ಮತ್ತೆ ಕರೆಯಬಹುದು. ಆದ್ದರಿಂದ ತಪಾಸಣೆಗೆ ಅರ್ಧ ಗಂಟೆ ತಡವಾದರೂ ಸರಿ ಎಂದು ಹಾಲು ಕೊಡುವ ನಾವೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಒಕ್ಕೂಟದ ಸಭೆಯಲ್ಲಿ, ಡೇರಿ ನೋಡಲು ಹೋದಾಗ, ಈ ಪ್ರಶ್ನೆಗಳನ್ನು ಕೇಳೋಣ:

ಸೇಫ್ಟಿ ವಾಲ್ವ್‌ಗೆ ಹೋಗುವ ದಾರಿ ಮುಚ್ಚಿದಾಗ ಅಲ್ಲಿ ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆಯುತ್ತಾರೆಯೇ?

ಆ ಹೊತ್ತಿನಲ್ಲಿ ಒತ್ತಡ ಕಾಯಲು ಬೇರೆ ವ್ಯವಸ್ಥೆ ಏನು? ಎರಡು ಸೇಫ್ಟಿ ವಾಲ್ವ್ ಜೋಡಿಸಿದ್ದರೆ ಒಂದು ರಿಪೇರಿಯಲ್ಲಿರುವಾಗ ಇನ್ನೊಂದು ಕಾಯುತ್ತದೆ.

ಕೆಲಸ ಮುಗಿದ ಮೇಲೆ ದಾರಿಯನ್ನು ಪೂರ್ತಿ ತೆರೆದು, ಯಾರೂ ಮುಚ್ಚದಂತೆ ಬೀಗವನ್ನೋ ಸೀಲನ್ನೋ ಹಾಕುತ್ತಾರೆಯೇ?

ತೆರೆದವರಲ್ಲದೆ ಇನ್ನೊಬ್ಬರು ಸ್ಥಳಕ್ಕೇ ಹೋಗಿ ನೋಡಿ ಸಹಿ ಮಾಡುತ್ತಾರೆಯೇ?

ಮುಂದಿನ ಶಿಫ್ಟಿನವರಿಗೆ ಬಾಯಿಮಾತಿನಲ್ಲೂ ಬರಹದಲ್ಲೂ ತಿಳಿಸುತ್ತಾರೆಯೇ?

ಇವಕ್ಕೆಲ್ಲ "ಹೌದು" ಎಂದು ಸಹಿ ಬಿದ್ದ ಮೇಲೆಯೇ ಯಂತ್ರ ಚಾಲೂ ಆಗಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ. ಒಂದು ಪುಸ್ತಕ, ಒಂದು ಬೀಗ, ಎರಡು ಜೊತೆ ಕಣ್ಣು ಸಾಕು. ಹಾಲಿನ ದರ, ಬೋನಸ್ ಬಗ್ಗೆ ಗಟ್ಟಿಯಾಗಿ ಕೇಳುವ ನಾವು ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳೋಣ.